ತಗಡಿನ ಮೇಲಿನ ಹೂವು

ಮೂವತ್ತೊಂದು ವರ್ಷ ಐಟಿಐನಲ್ಲಿ ಫಿಟ್ಟರ್ ವಿಭಾಗದ ಮೇಷ್ಟ್ರಾಗಿದ್ದವನು ನಾನು. ದಿನಾ ಸಂಜೆ ಗಂಟೆ ಹೊಡೆದ ಮೇಲೆ ಬಾಗಿಲಲ್ಲಿ ನಿಂತು ಸ್ಪ್ಯಾನರುಗಳನ್ನು ಎಣಿಸಿ, ಆಮೇಲೇ ಹುಡುಗರನ್ನು ಮನೆಗೆ ಬಿಡುತ್ತಿದ್ದೆ. ಒಂದೂ ಕಳೆದಿಲ್ಲ. ಆದ್ದರಿಂದ ರಾಮಾಂಜಿನಪ್ಪ ಮೇಷ್ಟ್ರಿಗೆ ಅನುಮಾನ ಜಾಸ್ತಿ ಎಂದು ಯಾರಾದರೂ ಅಂದರೆ ನನಗೆ ಬೇಜಾರಿಲ್ಲ. ಅನುಮಾನಂ ಪೆದ್ದ ರೋಗಂ, ಅನುಮಾನವೇ ದೊಡ್ಡ ರೋಗ ಎಂದು ನನ್ನ ಹೆಂಡತಿ ಗಂಗಲಕ್ಷ್ಮಮ್ಮ ಹೇಳುತ್ತಲೇ ಇರುತ್ತಾಳೆ. ರೋಗವಾದರೆ ಆಗಲಿ, ಸ್ಪ್ಯಾನರು ಉಳಿಯಿತಲ್ಲ.

ದೊಡ್ಡಬಳ್ಳಾಪುರದ ಆ ಐಟಿಐ ಮುಂದೆ ಸಿಮೆಂಟ್ ಕಟ್ಟೆಯ ಮೇಲೆ ಒಂದು ಹಳೆಯ ನ್ಯಾಟ್ ಯುದ್ಧವಿಮಾನ ನಿಂತಿದೆ. ಚಿಕ್ಕದು, ಮೂಗು ಮುಟ್ಟಲು ಏಣಿ ಬೇಡ. ಭಾನುವಾರ ಬೆಳಿಗ್ಗೆ ನಾವು ಮೂವರು ಅದನ್ನು ತೊಳೆದು, ಗ್ರೀಸ್ ಹಚ್ಚಿ, ಅದರ ನೆರಳಲ್ಲೇ ತಟ್ಟೆ ಇಡ್ಲಿ ತಿಂದು ಜಗಳವಾಡುತ್ತೇವೆ. ಒಬ್ಬ ನಾನು. ಇನ್ನೊಬ್ಬ ವಜೀರ್, ವಿಮಾನದ ಕಾರ್ಖಾನೆಯಲ್ಲಿ ರಿವೆಟ್ ಹೊಡೆದು ಹೊಡೆದು ಎಡಗಿವಿ ಮಂದ ಮಾಡಿಕೊಂಡು ನಿವೃತ್ತನಾದವನು, ನನ್ನ ಇಪ್ಪತ್ತು ವರ್ಷದ ಗೆಳೆಯ. ಮೂರನೆಯವನು ಬೈರೇಶ. ಬ್ಯಾಂಕಿನ ಕೆಲಸ, ಮನೆ ತುಂಬ ಪ್ಲಾಸ್ಟಿಕ್ ವಿಮಾನ ಜೋಡಿಸಿಟ್ಟು ಹೆಂಡತಿ ಕೈಲಿ ಬೈಸಿಕೊಳ್ಳುವವನು.

ನಮ್ಮ ನ್ಯಾಟು ಇಂಗ್ಲೆಂಡಿನಲ್ಲೇ ಪೂರ್ತಿ ತಯಾರಾಗಿ ಬಂದದ್ದು. ಅಂಥವು ಕೆಲವೇ. ಆಮೇಲಿನವನ್ನು ಬೆಂಗಳೂರಿನಲ್ಲೇ ಕಟ್ಟಿದರು. ಇದಕ್ಕೆ ನಮ್ಮ ಹತ್ತಿರ ಇರುವ ಸಾಕ್ಷಿ ಒಂದೇ. ಮುಂದಿನ ಚಕ್ರದ ಹತ್ತಿರ ಹೊಟ್ಟೆಯಡಿ ಅಂಗೈಯಗಲದ ಒಂದು ಅಲ್ಯೂಮಿನಿಯಂ ತಗಡು, ಅದರ ಮೇಲೆ ಕಂಪನಿಯ ಹೆಸರು ಮತ್ತು ನಂಬರು. ಬಣ್ಣ ಬದಲಾದರೂ ರೆಕ್ಕೆ ಬದಲಾದರೂ ಪರವಾಗಿಲ್ಲ, ತಗಡು ಹೋದರೆ ವಿಮಾನದ ಜಾತಕವೇ ಹೋದಂತೆ. ಹೊರದೇಶಗಳಲ್ಲಿ ಬರೀ ತಗಡನ್ನು ಕೊಂಡು ಅದರ ಸುತ್ತ ವಿಮಾನ ಕಟ್ಟುವ ಹುಚ್ಚರಿದ್ದಾರಂತೆ. ಇದನ್ನು ಎರಡು ವರ್ಷದ ಹಿಂದೆ ಬಾಯಿ ಚಪ್ಪರಿಸುತ್ತಾ ಹೇಳಿದವನು ವಜೀರ್.

ಆ ಚಪ್ಪರಿಸುವುದು ನನಗೆ ಹಿಡಿಸಲಿಲ್ಲ. ಆ ವಾರ ಗಂಗಲಕ್ಷ್ಮಮ್ಮ ಎದೆಯ ಆಪರೇಷನ್ ಆಗಿ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದಳು. ಅಂಥ ಹೊತ್ತಿನಲ್ಲೂ ನನ್ನ ತಲೆಯಲ್ಲಿ ಈ ತಗಡೇ. ಅಸಲಿಯನ್ನು ಬಿಚ್ಚಿ ತಂದು, ಪಾತ್ರೆಗಳಿಗೆ ಹೆಸರು ಕೊರೆಯುವ ಗಂಗಣ್ಣನ ಕೈಯಲ್ಲಿ ಅಂಥದೇ ಇನ್ನೊಂದು ಮಾಡಿಸಿದೆ. ಪುಣ್ಯಾತ್ಮ, ಮದುವೆ ಪಾತ್ರೆಗಳ ಕೆಲಸ ಬದಿಗಿಟ್ಟು ಒಂದೇ ದಿನದಲ್ಲಿ ಕೊಟ್ಟ. ಹೊಸದೆಂದು ಕಾಣಬಾರದೆಂದು ಅದಕ್ಕೆ ಬೂಟ್ ಪಾಲಿಶ್ ಬಳಿದು, ಕನ್ನಡಕವೂ ಇಲ್ಲದೆ ವಿಮಾನದಡಿ ಅಂಗಾತ ಮಲಗಿ, ಸ್ಕ್ರೂ ಬಿಗಿದು ಬಂದೆ. ಅಸಲಿಯನ್ನು ಬಟ್ಟೆಯಲ್ಲಿ ಸುತ್ತಿ ರಾಗಿ ಡ್ರಮ್ಮಿನ ತಳದಲ್ಲಿ ಹೂತಿಟ್ಟೆ. ಯಾರಿಗೂ ಹೇಳಲಿಲ್ಲ.

ಅಂದಿನಿಂದ ವಜೀರನೇ ನನ್ನ ಅನುಮಾನಕ್ಕೆ ಗೊಬ್ಬರ ಹಾಕತೊಡಗಿದ. ವಿಮಾನ ನೋಡಲು ಯಾರಾದರೂ ಬಂದರೆ ಸಾಕು, ಹೋಗಿ ಮುಂದಿನ ಚಕ್ರದ ಪಕ್ಕದಲ್ಲೇ ನಿಲ್ಲುವನು. ಹೆಗಲ ಟವೆಲ್ ತೆಗೆದು ಆ ತಗಡನ್ನು ಒರೆಸುವನು, ಇಲ್ಲವೇ ಟವೆಲನ್ನು ಅದರ ಮುಂದೆಯೇ ಇಳಿಬಿಡುವನು. ಕದಿಯಪ್ಪಾ ಕದಿ, ಸಿಗುವುದು ಗಂಗಣ್ಣನ ತಗಡು ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಆ ಕಡೆ ನೋಡಿದರೆ ನನ್ನ ಮುಖವೇ ಹೇಳಿಬಿಡುತ್ತದೆಂದು ತಗಡಿನತ್ತ ಕಣ್ಣು ಹಾಯಿಸುತ್ತಲೂ ಇರಲಿಲ್ಲ.

ಹೀಗಿರುವಾಗ ಐಟಿಐನವರಿಗೆ ಆ ಜಾಗದಲ್ಲಿ ಪಾರ್ಕಿಂಗ್ ಬೇಕಾಯಿತು. ತಿಂಗಳೊಳಗೆ ವಿಮಾನ ಎತ್ತದಿದ್ದರೆ ಗುಜರಿಗೆ ಎಂದರು. ದೇವನಹಳ್ಳಿ ಕಡೆ ಒಂದು ಟ್ರಸ್ಟಿನವರು ಹಳೆಯ ವಿಮಾನಗಳ ಮ್ಯೂಸಿಯಂ ಕಟ್ಟುತ್ತಿದ್ದರು. ಇಂಗ್ಲೆಂಡಿನಲ್ಲಿ ತಯಾರಾದದ್ದೇ ನಿಜವಾದರೆ ತೆಗೆದುಕೊಳ್ಳುತ್ತೇವೆ, ಇಲ್ಲವಾದರೆ ಬೇಡ ಎಂದರು. ನೋಡಲು ಕಳೆದ ಭಾನುವಾರ ಯಶಸ್ವಿನಿ ಎಂಬ ಅಧಿಕಾರಿಯನ್ನು ಕಳಿಸಿದರು. ಅಸಲಿ ತಗಡನ್ನು ಅವತ್ತೇ ಕೂರಿಸಬೇಕಿತ್ತು. ಆದರೆ ಈ ಟ್ರಸ್ಟಿನವರು ಎಂಥವರೋ ಯಾರಿಗೆ ಗೊತ್ತು? ತೋರಿಸಲು ಗಂಗಣ್ಣನ ತಗಡೇ ಸಾಕು, ಒಪ್ಪಿಗೆ ಪತ್ರ ಕೈಗೆ ಬರಲಿ, ಆಮೇಲೆ ನೋಡೋಣ ಎಂದುಕೊಂಡೆ.

ಅವತ್ತೂ ಮಾಮೂಲಿನಂತೆ ಜಗಳ ನಡೆದಿತ್ತು.

"ಯಾವ್ ನ್ಯಾಟಿಗೆ ಈ ಬಣ್ಣ ಹೊಡೆದಿದ್ರು ಸಾರ್? ಎಮ್ಮೆ ಬಣ್ಣ ಇದು," ಅಂದ ಬೈರೇಶ. "ನಮ್ಮ ಹಂಟರ್ ವಿಮಾನ ನೋಡಿ, ರಾಜ ಇದ್ದಂಗೆ. ಇದು ಸೊಳ್ಳೆ."

"ರಾಜನ ನಿದ್ದೆ ಕೆಡ್ಸೋದೂ ಸೊಳ್ಳೇನೇ ಗುರು," ಅಂದ ವಜೀರ್. ನಾನೂ ನಕ್ಕೆ.

ಯಶಸ್ವಿನಿ ಬಂದಳು. ಟೇಪ್ ಹಿಡಿದು ರೆಕ್ಕೆ ಅಳೆದಳು, ಬಾಲದ ಫೋಟೋ ತೆಗೆದಳು. ಮೂಗಿನ ಕಡೆಗೆ ಬಂದಾಗ ವಜೀರ್ ಅಡ್ಡ ನಿಂತ.

"ಅಲ್ಲಿ ಬೇಡಮ್ಮ. ಕಣಜ ಗೂಡು ಕಟ್ಟಿದೆ, ಕಚ್ಚುತ್ತೆ."

"ಒಂದೂ ಕಾಣಿಸ್ತಿಲ್ವಲ್ಲ ಸಾರ್," ಅಂದಳು ಅವಳು.

ನನಗೆ ತಡೆಯಲಾಗಲಿಲ್ಲ. "ಲೇ ವಜೀರ್, ಪಕ್ಕಕ್ಕೆ ಬಾರೋ! ಎರಡು ವರ್ಷದಿಂದ ನೋಡ್ತಿದ್ದೀನಿ, ಯಾರ್ ಬಂದ್ರೂ ಅಲ್ಲೇ ಅಡ್ಡ ನಿಂತ್ಕೋತೀಯ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ಏನ್ ಮುಚ್ಚಿಡ್ತಿದ್ದೀಯ ಅಲ್ಲಿ?"

ಅವನು ನನ್ನ ಮುಖವನ್ನೇ ನೋಡಿದ. "ಬೇಡ ರಾಮಾಂಜಿ," ಅಂದ ಮೆಲ್ಲಗೆ.

"ಬಾ ಅಂದ್ನಲ್ಲ!"

ಬಂದ. ಯಶಸ್ವಿನಿ ಬಗ್ಗಿ ಮೊಬೈಲಿನ ಬೆಳಕು ಬಿಟ್ಟಳು. ತಗಡಿನ ಮೇಲೆ ಬೆರಳಾಡಿಸಿದಳು. ಆಮೇಲೆ ಕೇಳಿದಳು, "ಸಾರ್, ಇಂಗ್ಲೆಂಡಿನವ್ರು ನಂಬರ್ ಆದ್ಮೇಲೆ ಹೂವು ಕೆತ್ತುತ್ತಿದ್ರಾ?"

ನಾನು ಕನ್ನಡಕ ಹಾಕಿಕೊಂಡು ಬಗ್ಗಿದೆ. ಬೂಟ್ ಪಾಲಿಶ್ ಒಂದಿಷ್ಟೂ ಉಳಿದಿರಲಿಲ್ಲ. ನಂಬರಿನ ಕೊನೆಯಲ್ಲಿ ಐದು ಎಸಳು, ಒಂದು ತೊಟ್ಟು, ಎರಡು ಎಲೆ. ನಮ್ಮ ತಾಲ್ಲೂಕಿನ ಮದುವೆ ತಂಬಿಗೆಗಳಲ್ಲೆಲ್ಲ ಹೆಸರು ಮುಗಿದ ಮೇಲೆ ಇರುವ ಅದೇ ಹೂವು. ಗಂಗಣ್ಣನ ಕೈ ಅಭ್ಯಾಸಬಲದಿಂದ ಬಿಡಿಸಿಬಿಟ್ಟಿತ್ತು.

"ನಾನೇ ಮಾಡ್ಸಿದ್ದು ಮೇಡಂ," ಅಂದ ವಜೀರ್. "ಒರಿಜಿನಲ್ಲು ನನ್ ಕೈಲಿ ಕಳೆದ್ಹೋಯ್ತು. ಇವ್ರಿಗ್ಯಾರಿಗೂ ಗೊತ್ತಿಲ್ಲ."

ಅವಳು ಫೈಲ್ ಮುಚ್ಚಿದಳು. "ಹಂಗಾದ್ರೆ ಇದನ್ನ ಇಂಗ್ಲೆಂಡಿಂದು ಅಂತ ನಾನು ಬರೆಯೋಕಾಗಲ್ಲ ಸಾರ್. ಸಾರಿ."

"ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತಲ್ಲ ವಜೀರಣ್ಣ," ಅಂದ ಬೈರೇಶ. ಇಡ್ಲಿ ಪೊಟ್ಟಣ ಕೆಳಗಿಟ್ಟು ದೂರ ಹೋಗಿ ನಿಂತ.

ನಾನು ವಜೀರನ ತೋಳು ಹಿಡಿದು ಬಾಲದ ಹಿಂದೆ ಎಳೆದೊಯ್ದೆ. ಬಲಗಿವಿಯ ಹತ್ತಿರ ಬಾಯಿಟ್ಟು, "ಯಾಕೋ ಸುಳ್ಳು ಹೇಳ್ದೆ?" ಅಂದೆ.

"ಒರೆಸ್ತಾ ಇರೋವಾಗ ಹೂವು ಕಾಣಿಸ್ತು. ಗಂಗಣ್ಣನ್ನ ಕೇಳ್ದೆ, ಮೇಷ್ಟ್ರು ಮಾಡ್ಸಿದ್ರು ಅಂದ. ಆಗ ಅತ್ತಿಗೆ ಆಸ್ಪತ್ರೇಲಿದ್ರು. ಕಷ್ಟಕ್ಕೆ ಮಾರ್ಕೊಂಡಿದ್ದಾನೆ ಅಂದ್ಕೊಂಡೆ. ಕೇಳಿದ್ರೆ ನೀನು ಮುಖ ಎಲ್ಲಿಟ್ಕೋತೀಯ? ಅದಕ್ಕೇ ಯಾರ್ ಬಂದ್ರೂ ಅಡ್ಡ ನಿಂತ್ಕೊಂಡೆ."

ಆ ಹೊತ್ತಿನ ನಾಚಿಕೆಯನ್ನು ಏನೆಂದು ಹೇಳಲಿ? ನೆಲಕ್ಕೆ ಇಳಿದುಹೋಗಬೇಕು ಅನ್ನಿಸಿತು. ಅರ್ಧ ಗಂಟೆ ಇರಿ ಎಂದು ಯಶಸ್ವಿನಿಗೆ ಕೈಮುಗಿದು ಸ್ಕೂಟರ್ ಹತ್ತಿದೆ. ಭುಜದವರೆಗೆ ರಾಗಿಯಲ್ಲಿ ಕೈ ಹಾಕಿ ತಡಕಾಡುವುದನ್ನು ಗಂಗಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ನೋಡಿದಳು.

ಗಂಗಣ್ಣನದನ್ನು ಬಿಚ್ಚಿ ಆ ಜಾಗಕ್ಕೆ ಹಿಡಿದು ನೋಡಿದರೆ ಅಸಲಿಯ ನಾಲ್ಕು ತೂತು ನಾಲ್ಕು ಸ್ಕ್ರೂ ತೂತುಗಳಿಗೆ ಸರಿಯಾಗಿ ಕೂತವು. ನಂಬರು ಅವಳ ಫೈಲಿನ ನಂಬರಿಗೆ ಸರಿಹೋಯಿತು. "ಇದೇ ಸಾರ್! ಇದೇ!" ಎಂದು ಅವಳು ಚಿಕ್ಕ ಹುಡುಗಿಯ ಹಾಗೆ ಕೂಗಿದಳು. ನ್ಯಾಟು ಉಳಿಯಿತು. ಬೈರೇಶ ಹೋಗಿ ವಜೀರನ ಕೈ ಹಿಡಿದು ತಪ್ಪಾಯಿತು ಅಂದ.

ಯಶಸ್ವಿನಿ ಒರೆಸಲೆಂದು ಅಸಲಿ ತಗಡನ್ನು ವಜೀರನ ಕೈಗೆ ಕೊಡುತ್ತಾ ನನ್ನ ಕಡೆ ತಿರುಗಿದಳು. "ಇಷ್ಟು ದಿನ ಎಲ್ಲಿತ್ತು ಸಾರ್?"

"ಮನೇಲಿ. ರಾಗಿ ಡ್ರಮ್ಮಲ್ಲಿ."

"ಯಾಕೆ? ಯಾರಾದ್ರೂ ಕದೀತಾರೆ ಅಂತಾನಾ?"

ಗುಜರಿಯವರ ಭಯಕ್ಕೆ ಎಂದು ಅನ್ನಬಹುದಿತ್ತು. ಆದರೆ ನನ್ನ ಕಣ್ಣು ತಾನಾಗಿ ವಜೀರನ ಕಡೆ ಹೋಯಿತು, ಹೋದದ್ದನ್ನು ಅವನು ನೋಡಿದ. ಅವನಿಗೆ ಅಷ್ಟು ಸಾಕಾಗಿತ್ತು.

ಅವನು ಟವೆಲಿನಿಂದ ತಗಡಿನ ಮೇಲಿನ ರಾಗಿ ದೂಳನ್ನು ಒರೆಸಿದ, ಎರಡು ವರ್ಷ ಪ್ರತಿ ಭಾನುವಾರ ಒರೆಸಿದ ಹಾಗೆಯೇ. ಒರೆಸಿ ನನ್ನ ಅಂಗೈಯಲ್ಲಿಟ್ಟ.

"ಮಾರ್ಕೊಂಡಿದ್ದೀಯ ಅಂತ್ಲೇ ಅಂದ್ಕೊಂಡಿದ್ದೆ," ಅಂದ. "ಮಾರಿದ್ರೇ ಚೆನ್ನಾಗಿತ್ತು ಕಣೋ."

ಟವೆಲ್ ಹೆಗಲ ಮೇಲೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ. ಅವನ ಪಾಲಿನ ಇಡ್ಲಿ ಕಟ್ಟೆಯ ಮೇಲೆ ಹಾಗೇ ಇತ್ತು. ಎಲ್ಲರೂ ಹೋದ ಮೇಲೆ ಅಸಲಿ ತಗಡನ್ನು ಅದರ ಜಾಗದಲ್ಲಿ ಬಿಗಿದೆ. ಆಮೇಲೆ ಅಭ್ಯಾಸದಂತೆ ಪೆಟ್ಟಿಗೆ ತೆರೆದು ಸ್ಪ್ಯಾನರುಗಳನ್ನು ಎಣಿಸಿದೆ. ಒಂದೂ ಕಳೆದಿರಲಿಲ್ಲ.