ಹಿಂಬಾಗಿಲ ಸಾಲು

ಹಸಿದವರಿಗೆ ಕಾಳು ಹಂಚುತ್ತೇನೆಂದು ರಾಜ ಹೊರಟಾಗ, ಒಂದೂರಿನ ಜನ ಮರ್ಯಾದೆಗೆ ಅಂಜಿ ಖಾಲಿ ಮಡಕೆಯಡಿ ಒಲೆ ಉರಿಸಿದರಂತೆ. ಮನೆಮನೆಯಿಂದಲೂ ಹೊಗೆ ಏಳುವುದನ್ನು ಕಂಡ ರಾಜ, ಇಲ್ಲಿ ಎಲ್ಲರೂ ಸುಖವಾಗಿದ್ದಾರೆಂದು ಕುದುರೆ ತಿರುಗಿಸಿಬಿಟ್ಟನಂತೆ. ಅಜ್ಜಿಯ ಈ ಕಥೆಗೆ ದುಭಾಷಿ ಚಿಕ್ಕಂದಿನಲ್ಲಿ ಬಿದ್ದು ಬಿದ್ದು ನಕ್ಕಿದ್ದಳು. ಇಂದು ವ್ಯಸನಮುಕ್ತಿ ಕೇಂದ್ರದ ಮೊಗಸಾಲೆಯಲ್ಲಿ ಫಿನಾಯಿಲ್ ವಾಸನೆ ಮೂಗಿಗೆ ಬಡಿದಾಗ ಆ ಹೊಗೆಯೇ ನೆನಪಾಯಿತು.

ಮಾದಕವಸ್ತು ಜಾಲದ ವಿರುದ್ಧ ಹೋರಾಡಲು ಹಲವು ದೇಶಗಳ ನಿಧಿ ಕೇಳುತ್ತ, ವಿದೇಶಾಂಗ ಕಚೇರಿಯ ದೊಡ್ಡ ಸಾಹೇಬರು ವರ್ಷವಿಡೀ ರಾಜಧಾನಿಯಿಂದ ರಾಜಧಾನಿಗೆ ಅಲೆದಿದ್ದರು. ಅಲೆದಲ್ಲೆಲ್ಲ ಅವರ ನಾಲಗೆಯಾಗಿ ಹೋದವಳು ಇವಳೇ. ದೋಣಿಗಳಿಗೆ, ಮೂಸುವ ನಾಯಿಗಳಿಗೆ, ಗಡಿಠಾಣೆಗಳಿಗೆ ಒಪ್ಪಿಗೆ ಸಿಕ್ಕಿತ್ತು. ಚಿಕಿತ್ಸೆಯ ಹಾಸಿಗೆಗಳ ಮಾತು ಮಾತ್ರ ಕಣ್ಣಾರೆ ಕಂಡ ಮೇಲೆ ಎಂದು ಉಳಿದಿತ್ತು. ಹಾಗೆ ನೋಡಲು ಬಂದವರು ನಿಧಿಯ ಪ್ರತಿನಿಧಿ, ಕೋಲೂರಿ ನಡೆಯುವ ಹಿರಿಯ ಹೆಂಗಸು.

ಅವರ ಕಾರು ಬರುವ ಮೊದಲೇ, ಹಾಸಿಗೆಗಾಗಿ ಕಾದು ಮೊಗಸಾಲೆಯಲ್ಲಿ ಬಿದ್ದುಕೊಂಡಿದ್ದವರನ್ನೆಲ್ಲ ಹಿಂಬಾಗಿಲಿನಿಂದ ಓಣಿಗೆ ಕಳಿಸಲಾಗಿತ್ತು.

"ನೆಂಟರು ಬಂದಾಗ ಕೊಳೆ ಬಟ್ಟೇನ ನಡುಮನೇಲಿ ಹರವ್ತಾರೇನಮ್ಮ?" ಎಂದಿದ್ದರು ಸಾಹೇಬರು.

ಓಣಿಗೆ ಹೋದವರಲ್ಲಿ ದುಭಾಷಿಯ ತಮ್ಮನೂ ಇದ್ದ. ಮನೆಯಲ್ಲಿ ಗುಬ್ಬಿ ಎಂದು ಕರೆಯುತ್ತಿದ್ದರು. ಈಗ ನಿಜಕ್ಕೂ ಗುಬ್ಬಿಯಷ್ಟೇ ಆಗಿದ್ದ. ಪುಡಿ ಬಿಟ್ಟು ಇನ್ನೂ ವಾರವಾಗಿರಲಿಲ್ಲ. ಮೈಯೆಲ್ಲ ನಡುಕ.

"ಒಂದೇ ಗಳಿಗೆ ಕಣೋ. ಇಲ್ಲೇ ಕೂತಿರು, ಎಲ್ಲೂ ಹೋಗ್ಬೇಡ."

"ಎಲ್ಲಿಗೆ ಹೋಗ್ಲಿ ಅಕ್ಕ? ನನ್ನನ್ನ ಯಾವ ರಾಜಧಾನಿ ಕರೀತಿದೆ?" ಎಂದು ನಗಲು ನೋಡಿದ್ದ.

ಓಣಿಯ ತುದಿಯಲ್ಲಿ, ರಸ್ತೆಯಾಚೆ, ಪುಡಿ ಮಾರುವವನು ಗೋಡೆಗೊರಗಿ ನಿಂತಿರುತ್ತಾನೆಂದು ಇಬ್ಬರಿಗೂ ಗೊತ್ತಿತ್ತು.

ಪ್ರತಿನಿಧಿ ಹಾಸಿಗೆಗಳ ನಡುವೆ ನಿಧಾನವಾಗಿ ನಡೆದರು. ಮಲಗಿದ್ದವರಿಗೆ ಆಗಷ್ಟೇ ಹೊದಿಸಿದ ಹೊಸ ಹೊದಿಕೆಗಳ ಮಡಿಕೆ ಇನ್ನೂ ಮುರಿದಿರಲಿಲ್ಲ. "ಜಾಗ ಸಿಗದೆ ಕಾಯುವವರು ಯಾರೂ ಇಲ್ಲವೆ?" ಎಂದು ತಮ್ಮ ಭಾಷೆಯಲ್ಲಿ ಕೇಳಿದರು. ದುಭಾಷಿ ಮಾತನ್ನು ಈಚೆ ದಾಟಿಸಿದಳು.

"ಯಾರೂ ಇಲ್ಲ ಅನ್ನು. ಎಲ್ಲಾ ನಾವೇ ನಿಭಾಯಿಸ್ತಿದೀವಿ ಅನ್ನು," ಎಂದರು ಸಾಹೇಬರು.

ಚಾಚೂ ತಪ್ಪದೆ ಅದನ್ನೂ ಆಚೆ ದಾಟಿಸಿದಳು. ದುಭಾಷಿಗೆ ಸ್ವಂತ ಮಾತಿಲ್ಲ. ಅದು ಆ ಕಸುಬಿನ ವ್ರತ.

"ಬಹಳ ಸಂತೋಷ. ಹಾಗಾದರೆ ಈ ಹಣ ಇನ್ನೂ ಕಷ್ಟದಲ್ಲಿರುವವರಿಗೆ ಹೋಗಲಿ," ಎಂದು ಪ್ರತಿನಿಧಿ ಮುಂಬಾಗಿಲ ಕಡೆ ಕೋಲು ತಿರುಗಿಸಿದರು.

ರಾಜನ ಕುದುರೆ ತಿರುಗಿತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂದೇ ಅಜ್ಜಿ ಆ ಕಥೆ ಮುಗಿಸುತ್ತಿದ್ದುದು.

"ಏನಂದ್ರು? ಹೇಳಮ್ಮ, ಏನಂದ್ರು?" ಸಾಹೇಬರು ಅವಸರಿಸಿದರು.

ಅವಳು ಪ್ರತಿನಿಧಿಯತ್ತ ತಿರುಗಿದಳು. "ಇದು ನನ್ನ ಮಾತು," ಎಂದಳು ಅವರದೇ ಭಾಷೆಯಲ್ಲಿ. "ಕಾಯುವವರು ಆ ಬಾಗಿಲ ಹಿಂದಿದ್ದಾರೆ. ನನ್ನ ತಮ್ಮನೂ ಅಲ್ಲೇ ಇದ್ದಾನೆ." ಆಮೇಲೆ, ರೂಢಿಯಂತೆ, ಅದನ್ನೇ ಸಾಹೇಬರಿಗೂ ಹೇಳಿದಳು.

"ತಲೆ ಕೆಟ್ಟಿದ್ಯಾ ನಿಂಗೆ? ಮಾನ ಹರಾಜು ಹಾಕ್ತೀಯಾ?"

ಅಷ್ಟರಲ್ಲಿ ಅವಳು ಹಿಂಬಾಗಿಲ ಚಿಲಕ ತೆಗೆದಿದ್ದಳು.

ಗೋಡೆಯುದ್ದಕ್ಕೂ ಕೂತಿದ್ದವರು ದೊಡ್ಡವರನ್ನು ಕಂಡು ತಡಬಡಿಸಿ ಎದ್ದರು. ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ತಾಯಿಯೊಬ್ಬಳು ಮಾತ್ರ ಏಳಲಿಲ್ಲ. ಮೆಟ್ಟಿಲ ಮೇಲೆ ಗುಬ್ಬಿಯ ಉಣ್ಣೆ ಟೋಪಿಯಿತ್ತು. ಗುಬ್ಬಿ ಇರಲಿಲ್ಲ.

"ನೀರು ಕುಡಿದು ಬರ್ತೀನಿ ಅಂದ ಕಣಮ್ಮ," ಎಂದಳು ಆ ತಾಯಿ, ಕಣ್ಣು ತಪ್ಪಿಸಿ. "ಹೋಗಿ ಬಹಳ ಹೊತ್ತಾಯ್ತು."

ದುಭಾಷಿ ಓಡಿದಳು. "ಏಯ್, ಇಲ್ಲಿ ಮಾತಾಡೋರು ಯಾರು?" ಎಂಬ ಸಾಹೇಬರ ಕೂಗು ಬೆನ್ನಟ್ಟಿತು.

ಓಣಿಯ ತುದಿಯಲ್ಲಿ ಬೀದಿಯ ನಲ್ಲಿ ಧೋ ಎಂದು ಸುರಿಯುತ್ತಿತ್ತು. ಗುಬ್ಬಿ ನಲ್ಲಿಯ ಕಂಬವನ್ನು ಎರಡೂ ಕೈಯಿಂದ ತಬ್ಬಿ ನಿಂತಿದ್ದ. ಅಂಗಿ ತೊಯ್ದು ಮೈಗಂಟಿತ್ತು. ಕಣ್ಣು ರಸ್ತೆಯಾಚೆಯ ಗೋಡೆಯ ಮೇಲೆ.

"ಗುಬ್ಬೀ!"

"ಕೈ ಬಿಟ್ರೆ ದಾಟ್ಬಿಡ್ತೀನಿ ಅಕ್ಕ," ಎಂದ, ತಿರುಗದೆ. "ಅದಕ್ಕೇ ಹಿಡ್ಕೊಂಡಿದೀನಿ."

ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಕಂಬದಿಂದ ಬಿಡಿಸಿ ತನ್ನ ಅಂಗೈಯೊಳಗೆ ಸೇರಿಸಿಕೊಂಡಳು.

"ನಿನ್ನ ಕರೀತಿದಾರೆ," ಎಂದ ಗುಬ್ಬಿ.

"ಕರೀಲಿ. ಮೊದಲು ನಲ್ಲಿ ನಿಲ್ಸು."

ಇನ್ನೊಂದು ಕೈಯಿಂದ ಅವನು ನಲ್ಲಿ ತಿರುಗಿಸಿದ. ಇಬ್ಬರೂ ಹಿಂತಿರುಗಿದಾಗ ಸಾಹೇಬರು ಬಾಗಿಲಲ್ಲೇ ನಿಂತಿದ್ದರು. ಪ್ರತಿನಿಧಿ ಕೋಲನ್ನು ಗೋಡೆಗೊರಗಿಸಿ, ಮೆಟ್ಟಿಲ ಮೇಲೆ ಟೋಪಿಯ ಪಕ್ಕ ಕೂತು, ತಾಯಿಯ ತೊಡೆಯ ಮೇಲಿದ್ದ ಆ ಮಗಳ ಹಣೆಯ ಮೇಲೆ ಕೈಯಿಟ್ಟಿದ್ದರು. ಅಲ್ಲಿ ದುಭಾಷಿಯ ಅಗತ್ಯವಿರಲಿಲ್ಲ.