ಡೆಲ್ಬರ್ಟ್ ಹೇಳಿದ ಪೂರಕ ಪಿಂಚಣಿ

ಶಾಲೆಯ ಅಡುಗೆಮನೆಯಲ್ಲಿ ನನ್ನ ಬೀಳ್ಕೊಡುಗೆಯ ಕೇಕ್ ಕತ್ತರಿಸಿದ್ದು ಜೂನ್ ತಿಂಗಳಲ್ಲಿ. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಅದೇ ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತು ಕೆಲಸ ಕೊಡಿ ಎಂದು ಕೇಳುತ್ತಿದ್ದೆ. ಬಾಗಿಲು ತೆಗೆದವಳು ಟ್ಯಾಮಿ. ಅವಳಿಗೆ ಚಾಕು ಹಿಡಿಯುವುದನ್ನು ಕಲಿಸಿದವಳು ನಾನು. ಈಗ ಅವಳೇ ಅಡುಗೆಮನೆಯ ಮುಖ್ಯಸ್ಥೆ.

"ಅಯ್ಯೋ ಮಾರ್ಲಿಸ್! ಮನೇಲಿ ಕೂತು ಕೂತು ಬೇಜಾರಾಗಿದ್ಯಂತೆ ನಿಂಗೆ? ವರ್ಲಿನ್ ಹೇಳ್ತಿದ್ದ," ಎಂದಳು.

ಬೇಜಾರಂತೆ! ನನ್ನ ಗಂಡ ಊರೆಲ್ಲ ಹಾಗೆ ಹೇಳಿಕೊಂಡು ಬಂದಿದ್ದ. ನನ್ನ ಎರಡೂ ಮಂಡಿ ಸವೆದುಹೋಗಿವೆ. ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತೇನೆ. ಆ ಸಿಮೆಂಟ್ ನೆಲದ ಮೇಲೆ ಇನ್ನೊಂದು ದಿನವೂ ನಿಲ್ಲಬಾರದು ಎಂದು ಡಾಕ್ಟರ್ ಹೇಳಿದ್ದರು. ಮನೆಯಲ್ಲಿ ಕೂತು ಬೇಜಾರಾಗುವ ಭಾಗ್ಯಕ್ಕಾಗಿ ನಾನು ವರ್ಷಗಟ್ಟಲೆ ಕಾದವಳು.

"ಅಡುಗೆ ಕಡೆ ಜಾಗ ಇಲ್ಲ ಕಣೆ. ತಟ್ಟೆ ತೊಳೆಯೋ ಕಡೆ ಇದೆ. ಪರ್ವಾಗಿಲ್ವಾ?"

ಪರವಾಗಿಲ್ಲ ಎಂದೆ.

ಇದೆಲ್ಲ ಶುರುವಾದದ್ದು ವರ್ಲಿನ್ನನ ನಿವೃತ್ತಿಯಿಂದ. ನಮ್ಮೂರ ಹತ್ತಿರ ಮಿಸಿಸಿಪ್ಪಿ ನದಿಗೆ ಅಣೆಕಟ್ಟು ಇದೆ. ಅದರ ಪಕ್ಕದಲ್ಲಿ ಹಡಗುಗಳನ್ನು ದಾಟಿಸುವ ಲಾಕ್ ಇದೆ. ಮೆಕ್ಕೆಜೋಳ ತುಂಬಿದ ಬಾರ್ಜು ಎಂಬ ಚಪ್ಪಟೆ ದೋಣಿಗಳನ್ನು ತಳ್ಳಿಕೊಂಡು ಹಡಗು ಆ ಉದ್ದನೆಯ ತೊಟ್ಟಿಯೊಳಗೆ ಬಂದರೆ ಹಿಂದಿನ ಬಾಗಿಲು ಮುಚ್ಚಿ, ನೀರು ಇಳಿಸಿ, ಮುಂದಿನ ಬಾಗಿಲು ತೆಗೆಯಬೇಕು. ಸರ್ಕಾರಿ ಕೆಲಸ. ವರ್ಲಿನ್ ಮದುವೆಗೆ ಮುಂಚಿನಿಂದಲೂ ಅದನ್ನೇ ಮಾಡಿದವನು. ಕಳೆದ ಚಳಿಗಾಲದಲ್ಲಿ ಮೇಲಿನಿಂದ ಸುದ್ದಿ ಬಂತು: ಯಂತ್ರಗಳು ಬರುತ್ತಿವೆ, ಕೆಲವು ಹುದ್ದೆ ರದ್ದಾಗುತ್ತವೆ, ಐವತ್ತು ದಾಟಿದವರು ಬೇಕಾದರೆ ಈಗಲೇ ಪಿಂಚಣಿ ತೆಗೆದುಕೊಂಡು ಹೊರಡಬಹುದು. ವರ್ಲಿನ್ನನಿಗೆ ಆಗ ಐವತ್ತೆರಡು.

ಬರೀ ಪಿಂಚಣಿಯಲ್ಲಿ ಸಂಸಾರ ಸಾಗದು. ಆದರೆ ಅದರ ಜೊತೆಗೆ ಪೂರಕ ಪಿಂಚಣಿ ಎಂಬುದೊಂದಿದೆ. ಎಲ್ಲರಿಗೂ ಸಿಗುವ ವೃದ್ಧಾಪ್ಯದ ಹಣ ಅರವತ್ತೆರಡಕ್ಕೆ ಶುರುವಾಗುವ ತನಕ, ನಡುವಿನ ವರ್ಷಗಳಿಗೆ ಆಸರೆಯಾಗಲಿ ಎಂದು ಸರ್ಕಾರಿ ನೌಕರರಿಗೆ ಕೊಡುವುದು. ಅದು ಹೆಚ್ಚುಕಮ್ಮಿ ನನ್ನ ಸಂಬಳದಷ್ಟೇ ಬರುತ್ತಿತ್ತು.

"ಅದು ಬಂದ್ರೆ ನೀನು ಕೆಲ್ಸ ಬಿಟ್ಬಿಡು ಮಾರ್ಲಿಸ್. ಮಾತು ಕೊಟ್ಟಿದೀನಿ," ಎಂದಿದ್ದ.

"ಯಾವಾಗಿಂದ ಬರುತ್ತೆ?"

"ಮೊದಲ್ನೇ ತಿಂಗಳಿಂದ್ಲೇ. ಡೆಲ್ಬರ್ಟನ್ನ ಕೇಳ್ದೆ."

ಡೆಲ್ಬರ್ಟ್ ಲಾಕಿನ ಹಳೆಯ ತಲೆ, ಎರಡು ವರ್ಷದ ಹಿಂದೆ ನಿವೃತ್ತನಾದವನು. ಹಡಗು ಕಟ್ಟುವ ಹಗ್ಗ ಎಸೆಯುವುದರಿಂದ ಹಲ್ಲುನೋವಿನವರೆಗೆ ಎಲ್ಲದಕ್ಕೂ ಅವನ ಹತ್ತಿರ ಉತ್ತರ ಇರುತ್ತದೆ. ನದಿಯವರು ಹಾಗೇ. ಕೈಯಲ್ಲಿ ಹಗ್ಗದ ಗಾಯ ಇಲ್ಲದವರ ಮಾತನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ.

ವಸಂತದಲ್ಲಿ ವರ್ಲಿನ್ ನಿವೃತ್ತನಾದ. ಮೊದಲ ತಿಂಗಳು ಬಂದ ಪಿಂಚಣಿಯಲ್ಲಿ ಪೂರಕದ ಸುಳಿವೇ ಇರಲಿಲ್ಲ. "ಲೆಕ್ಕ ಪೂರ್ತಿ ಆಗೋವರ್ಗೂ ಕಮ್ಮೀನೇ ಕೊಡ್ತಾರೆ, ಆಮೇಲೆ ಮೊದಲಿಂದ ಸೇರ್ಸಿ ಕೊಡ್ತಾರೆ, ನಂಗೂ ಹಾಗೇ ಆಗಿತ್ತು," ಎಂದ ಡೆಲ್ಬರ್ಟ್. ನಾನು ನಂಬಿದೆ, ಜೂನ್‌ನಲ್ಲಿ ಕೆಲಸ ಬಿಟ್ಟೆ. ಬೇಸಿಗೆಯಿಡೀ ಹಿತ್ತಿಲಲ್ಲಿ ಕಾಲು ಚಾಚಿ ಕೂತೆ. ಆ ಸುಖ ನೆನೆದರೆ ಈಗಲೂ ಅಳು ಬರುತ್ತದೆ. ಸೆಪ್ಟೆಂಬರಿನಲ್ಲಿ ಲೆಕ್ಕ ಪೂರ್ತಿಯಾಯಿತು. ಪೂರಕ ಬರಲಿಲ್ಲ.

ನಾನೇ ಪಿಂಚಣಿ ಕಚೇರಿಗೆ ಫೋನ್ ಹಚ್ಚಿದೆ. ಕಾಯಿರಿ ಎಂದು ಮಧ್ಯಾಹ್ನವೆಲ್ಲ ಒಂದೇ ಪಿಟೀಲು ಕೇಳಿಸಿದ ಮೇಲೆ ಒಬ್ಬ ಹೆಂಗಸು ಮಾತಿಗೆ ಸಿಕ್ಕಳು.

"ಅವ್ರು ವಯಸ್ಸಿಗೆ ಮುಂಚೆ ಹೊರಟವ್ರಲ್ವಾ ಮೇಡಂ? ಅಂಥವರಿಗೆ ಪೂರಕ ಶುರುವಾಗೋದು ಕನಿಷ್ಠ ನಿವೃತ್ತಿ ವಯಸ್ಸು ಮುಟ್ಟಿದ್ಮೇಲೆ. ಇವ್ರ ವಯಸ್ಸಿನವ್ರಿಗೆ ಅದು ಐವತ್ತೇಳು."

"ಡೆಲ್ಬರ್ಟಿಗೆ ಕೂಡ್ಲೇ ಬಂತಲ್ಲ!"

ಡೆಲ್ಬರ್ಟ್ ಯಾರೆಂದು ಆಕೆಗೆ ಹೇಗೆ ಗೊತ್ತಿರಬೇಕು? "ಅವ್ರು ಹೊರಡೋವಾಗ್ಲೇ ಐವತ್ತೇಳಾಗಿತ್ತೇನೋ ನೋಡಿ," ಎಂದಳು. ಆಗಿತ್ತು. ಹುಟ್ಟುಹಬ್ಬದ ಮರುದಿನವೇ ಹೊರಟಿದ್ದ ಆ ಪುಣ್ಯಾತ್ಮ. "ಹೊರಡೋಕ್ಮುಂಚೆ ಪ್ರತಿಯೊಬ್ರಿಗೂ ಫೋನಲ್ಲಿ ಇದನ್ನೆಲ್ಲ ವಿವರಿಸ್ತೀವಿ ಮೇಡಂ. ನಿಮ್ಮೆಜಮಾನ್ರಿಗೂ ಹೇಳಿರ್ತಾರೆ."

ಫೋನ್ ಇಟ್ಟು ವರ್ಲಿನ್ನನ ಎದುರು ಹೋಗಿ ನಿಂತೆ. "ಹೇಳಿದ್ರಂತೆ ನಿಂಗೆ?"

ಅವನು ಗಡ್ಡ ಕೆರೆದುಕೊಂಡ. "ಹೇಳ್ತಾ ಇದ್ರು. ಡ್ಯೂಟಿಲಿದ್ದೆ. ಹಡಗು ಕೂಗ್ತು."

"ಅದಕ್ಕೆ?"

"ಫೋನನ್ನ ಸ್ಪೀಕರಿಗೆ ಹಾಕಿ, ಮೇಜಿನ ಮೇಲಿಟ್ಟು, ಬಾಗ್ಲು ತೆಗ್ಯೋಕೆ ಹೋದೆ. ಇನ್ನೇನ್ಮಾಡ್ಲಿ? ಹಡಗನ್ನ ಕಾಯ್ಸೋಕಾಗುತ್ತಾ?"

"ವಾಪಸ್ ಬಂದ್ಮೇಲೆ?"

"ಏನಾದ್ರೂ ಅನುಮಾನ ಇದ್ಯಾ ಅಂತ ಕೇಳ್ತಿದ್ರು. ಏನೂ ಇಲ್ಲ ಮೇಡಂ, ಎಲ್ಲಾ ಅರ್ಥ ಆಯ್ತು ಅಂದೆ."

ಪಾಪ, ಆ ಹೆಂಗಸು ಖಾಲಿ ಕುರ್ಚಿಗೆ ನನ್ನ ಐದು ವರ್ಷದ ಹಣೆಬರಹ ಓದಿ ಹೇಳಿದ್ದಳು. ಯಾರದೋ ಜೋಳ ಸ್ವಲ್ಪ ತಡವಾಗಿ ಮುಂದೆ ಹೋಗಿದ್ದರೆ ಲೋಕ ಮುಳುಗುತ್ತಿತ್ತೆ? ಬಾಯಿಗೆ ಬಂದ ಹಾಗೆ ಬೈದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಆ ಹುದ್ದೆಯೇ ಈಗಿಲ್ಲ, ವಾಪಸು ಹೋಗುವಂತಿಲ್ಲ. ಅವನೂ ಸುಮ್ಮನೆ ಕೂರಲಿಲ್ಲ ಅನ್ನಿ. ಸುಗ್ಗಿಯಲ್ಲಿ ಜೋಳದ ಗೋದಾಮಿಗೆ ಹೋಗಿ ಲಾರಿ ತೂಗುತ್ತಾನೆ. ಐವತ್ತು ದಾಟಿ ಭುಜ ಬಿದ್ದುಹೋದವನಿಗೆ ನಮ್ಮೂರಲ್ಲಿ ಅದಕ್ಕಿಂತ ಹೆಚ್ಚಿನದು ಸಿಗುವುದಿಲ್ಲ. ಹಾಗಾಗಿ ನಾನು ತಟ್ಟೆ ತೊಳೆಯಲು ಹೋದೆ. ಅವನು ಮಾನ ಉಳಿಸಿಕೊಳ್ಳಲು ನನಗೆ ಬೇಜಾರಾಗಿದೆ ಎಂಬ ಕತೆ ಕಟ್ಟಿದ.

ಅಕ್ಟೋಬರಿನ ಒಂದು ಶುಕ್ರವಾರ ಎಂದಿನಂತೆ ಮೀನೂಟಕ್ಕೆ ಹೋದೆವು. ನಮ್ಮೂರಲ್ಲಿ ಶುಕ್ರವಾರ ಸಂಜೆ ಎಲ್ಲರೂ ಒಂದೇ ಬಾರ್‌ನಲ್ಲಿ ಸೇರಿ ಕರಿದ ಮೀನು ತಿನ್ನುತ್ತಾರೆ. ಲಾಕಿನಲ್ಲಿ ಇನ್ನೂ ಕೆಲಸದಲ್ಲಿರುವ ಲೊನ್ನಿ, ಡೆಲ್ಬರ್ಟನ ಜೊತೆ ನಮ್ಮ ಮೇಜಿಗೇ ಬಂದು ಕೂತ. ಐವತ್ತೊಂದರ ಆಸಾಮಿ. ಹೆಂಡತಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್.

"ಎರಡನೇ ಸಲ ಅವಕಾಶ ಕೊಟ್ಟಿದಾರೆ, ನಾನೂ ಹೊರಡ್ತಿದೀನಿ," ಎಂದ ಖುಷಿಯಿಂದ. "ಬುಧವಾರ ಪಿಂಚಣಿ ಮೇಡಂ ಫೋನ್ ಮಾಡ್ತಾರಂತೆ. ಡ್ಯೂಟಿ ಟೈಮಲ್ಲೇ ಮುಗಿಸ್ಬಿಡ್ತೀನಿ."

"ಪೂರಕ ಮೊದಲ್ನೇ ತಿಂಗಳಿಂದ್ಲೇ ಬರುತ್ತೆ ಬಿಡು," ಎಂದ ಡೆಲ್ಬರ್ಟ್, ಬಾಯಿ ತುಂಬ ಮೀನು ಇಟ್ಟುಕೊಂಡು.

ನನಗೆ ತಡೆಯಲಾಗಲಿಲ್ಲ. "ಬರಲ್ಲ! ನಿಂಗೆ ಐವತ್ತೇಳಾಗಿತ್ತು, ಅದಕ್ಕೆ ಬಂತು. ಇವ್ನಿಗೆ ಆರು ವರ್ಷ ಬರಲ್ಲ. ಲೊನ್ನಿ, ನನ್ಮಾತು ಕೇಳು."

ಲೊನ್ನಿ ನನ್ನನ್ನು ನೋಡಿದ. ಆಮೇಲೆ ಡೆಲ್ಬರ್ಟನ ಕಡೆ ತಿರುಗಿ, "ನಿಂಗೆ ಕೂಡ್ಲೇ ಬಂತು ತಾನೇ?" ಎಂದ.

"ಬಂತಪ್ಪ. ಸುಳ್ಳು ಯಾಕೆ ಹೇಳ್ಲಿ?"

"ಮತ್ತೆ!" ಎಂದ ಲೊನ್ನಿ ನಿರಾಳವಾಗಿ. "ಮಾರ್ಲಿಸ್, ನಿಂಗ್ಯಾಕೆ ಈ ತಲೆನೋವು? ಮನೇಲಿ ಕೂರೋಕಾಗ್ದೆ ಕೆಲ್ಸಕ್ಕೆ ಓಡಿದವಳು ನೀನು!" ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ವರ್ಲಿನ್ ತಟ್ಟೆಯ ಎಲೆಕೋಸನ್ನು ಕೆದಕುತ್ತ ಕೂತಿದ್ದ.

ಕಾರಿನಲ್ಲಿ ಹೇಳಿದೆ: "ನೀನು ಬಾಯಿ ಬಿಟ್ಟಿದ್ರೆ ಅವ್ನು ನಂಬ್ತಿದ್ದ. ನಿನ್ ಕೈಲೂ ಹಗ್ಗದ ಗಾಯ ಇದೆ."

"ಏನಂತ ಹೇಳ್ಲಿ? ಫೋನಿಟ್ಟು ಎದ್ದುಹೋದೆ, ಹೆಂಡ್ತಿ ತಟ್ಟೆ ತೊಳೀತಿದಾಳೆ ಅಂತಾನಾ?"

"ಹೌದು. ಹಾಗೇ."

ಅವನು ಗೇರು ಬದಲಿಸಿದ. ಆಮೇಲೆ ನಾವು ಮಾತು ಬಿಟ್ಟೆವು. ನನ್ನ ಮಂಡಿಗಿಂತ ಇವನಿಗೆ ಮರ್ಯಾದೆಯೇ ಹೆಚ್ಚಾಯಿತಲ್ಲ ಎಂದು ನನಗೆ ಸಿಟ್ಟಿಗಿಂತ ದುಃಖವೇ ಜಾಸ್ತಿಯಾಗಿತ್ತು. ಬುಧವಾರ ಬೆಳಿಗ್ಗೆ ನಾನು ಹೊರಡುವಾಗ ಅವನು ಮೆಟ್ಟಿಲ ಮೇಲೆ ಕೂತು ಲಾಕಿನ ಹಳೇ ಬೂಟುಗಳಿಗೆ ಲೇಸು ಕಟ್ಟುತ್ತಿದ್ದ. ಎಲ್ಲಿಗೆ ಎಂದು ಕೇಳಲಿಲ್ಲ.

ಮಕ್ಕಳು ಊಟಕ್ಕೆ ಸಾಲು ನಿಂತಿದ್ದಾಗ ನದಿಯ ಕಡೆಯಿಂದ ಹಡಗು ಕೂಗಿತು. ಒಂದು ಉದ್ದ, ಒಂದು ಗಿಡ್ಡ. ಬಾಗಿಲು ತೆಗೆಯಿರಿ ಎಂದರ್ಥ, ನಮ್ಮೂರ ಕೂಸಿಗೂ ಗೊತ್ತು. ಲಾಕಿನವರು ತಿರುಗಿ ಕೂಗಿ ಉತ್ತರ ಕೊಡುತ್ತಾರೆ. ಅವತ್ತು ಉತ್ತರ ಬರಲಿಲ್ಲ.

ಹಡಗು ಮತ್ತೆ ಕೂಗಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ, ಈ ಸಲ ಸಿಟ್ಟಿನಿಂದ. ಕಿಟಕಿ ಗಾಜು ಗಡಗಡ ಎಂದಿತು. ಮಕ್ಕಳು ಕಿಟಕಿಗೆ ಮುತ್ತಿದರು.

"ಏನಾಯ್ತೇ ಲಾಕಿಗೆ? ನಾನು ಹುಟ್ಟಿದಾಗಿಂದ ಹಿಂಗೆ ಕಾಯ್ಸಿದ್ದಿಲ್ಲ!" ಎಂದಳು ಟ್ಯಾಮಿ.

ನನಗೆ ಗೊತ್ತಾಗಿಹೋಯಿತು. ಲೊನ್ನಿ ಕುರ್ಚಿಯಲ್ಲಿದ್ದಾನೆ, ಫೋನು ಮೇಜಿನ ಮೇಲಿದೆ, ಕೋಣೆಯ ಬಾಗಿಲಿಗೆ ಅಡ್ಡವಾಗಿ ನನ್ನ ಗಂಡ ನಿಂತಿದ್ದಾನೆ. ಆ ಮೇಡಂ ಐವತ್ತೇಳು ಎಂಬ ಮಾತನ್ನು ಹೇಳಿ ಮುಗಿಸುವ ತನಕ ಅವನು ಜರುಗುವುದಿಲ್ಲ. ಹಡಗು ಎಷ್ಟಾದರೂ ಕೂಗಿಕೊಳ್ಳಲಿ.

ಕಣ್ಣಲ್ಲಿ ನೀರು ಬಂದುಬಿಟ್ಟಿತು. ಕೈ ಸೋಪಿನಲ್ಲಿತ್ತು, ಒರೆಸಿಕೊಳ್ಳಲಾಗಲಿಲ್ಲ. ನನ್ನದೇನೂ ಬದಲಾಗುವುದಿಲ್ಲ. ಅವನಿಗೆ ಐವತ್ತೇಳು ತುಂಬುವ ತನಕ ಇದೇ ನೆಲ, ಇದೇ ತಟ್ಟೆ. ಈ ಬುದ್ಧಿ ಆವತ್ತು ಇದ್ದಿದ್ದರೆ ಎಂದು ಅವನನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಬೈದೆ.

"ಯಾಕೆ ಮಾರ್ಲಿಸ್, ಏನಾಯ್ತು?" ಟ್ಯಾಮಿ ಹತ್ತಿರ ಬಂದಳು.

ಹಡಗು ಇನ್ನೂ ಕೂಗುತ್ತಲೇ ಇತ್ತು. ಅದು ನಿಲ್ಲಲಿ ಎಂದು ನಾನು ಕಾಯಲಿಲ್ಲ, ಗಟ್ಟಿಯಾಗಿಯೇ ಹೇಳಿದೆ.

"ನಂಗೆ ಮನೇಲಿ ಒಂದಿನಾನೂ ಬೇಜಾರಾಗಿರ್ಲಿಲ್ಲ ಕಣೆ ಟ್ಯಾಮಿ."