ಗೇಟಿನ ಗೋಣಿ

"ಒಂಚೂರು ಆ ಕಡೆ ಸರೀರಿ," ಎನ್ನುತ್ತ ಬಡಗಿ ಅಳತೆಪಟ್ಟಿಯನ್ನು ಹೆಣದ ತಲೆಯಿಂದ ಕಾಲಿನವರೆಗೆ ಎಳೆದ. ಇನ್ನೊಂದು ಕೈಯಲ್ಲಿ ತನ್ನ ಮುಖದ ಮೇಲಿನ ನೊಣ ಓಡಿಸಿಕೊಳ್ಳುತ್ತಿದ್ದುದರಿಂದ ಪಟ್ಟಿ ಜಾರಿ, ಮತ್ತೆ ಮೊದಲಿಂದ ಅಳೆಯಬೇಕಾಯಿತು.

ಬೆಳಿಗ್ಗೆಯಿಂದ ದೊಡ್ಡಿಯ ಸಗಣಿ ಎತ್ತುವವರಿರಲಿಲ್ಲ. ನೊಣಗಳು ಮನೆಯೊಳಕ್ಕೇ ನುಗ್ಗಿದ್ದವು. ಕಿಟಕಿಯ ಗಾಜಿನ ಮೇಲೆ, ಚಹಾ ಲೋಟದ ಅಂಚಿನ ಮೇಲೆ, ಅಳುವವರ ಕಣ್ಣಿನ ಮೂಲೆಯಲ್ಲಿ ಎಲ್ಲಾ ಅವೇ. ಸಾವಿಗೆ ಬಂದವರು ಅತ್ತದ್ದಕ್ಕಿಂತ ಕೈ ಬೀಸಿದ್ದೇ ಹೆಚ್ಚು.

"ಅಮ್ಮಾ, ಮುಖದ ಮೇಲೊಂದು ತೆಳು ಬಟ್ಟೆ ಹೊದಿಸಿ, ನೊಣ ಮುತ್ತುತ್ತೆ," ಎಂದ ಬಡಗಿ ಅಲ್ಲಿಗೇ ನಿಲ್ಲಿಸಿದ. ಬಗ್ಗಿ ನೋಡಿದ. "ಇದೇನ್ರೀ, ಇವರ ಮೇಲೆ ಒಂದೂ ಕೂತಿಲ್ವಲ್ಲ!"

ಎಲ್ಲರೂ ನೋಡಿದರು. ನಿಜವೇ. ನೊಣವೊಂದು ಮಂಚದ ಮೇಲೆ ಹಾರಿ ಬಂದು, ಒಂದು ಸುತ್ತು ಹಾಕಿ, ಏನೋ ಮರೆತುಬಂದವರ ಹಾಗೆ ಹಿಂದಿರುಗಿತು. ಅದರ ಹಿಂದೆ ಬಂದದ್ದೂ ಹಾಗೇ ಮಾಡಿತು.

"ನಮ್ಮಣ್ಣ ಪುಣ್ಯವಂತ ಕಣ್ರೀ," ಎಂದು ಬೆಳಗಿನ ಬಸ್ಸಿಗೆ ಬಂದಿದ್ದ ಸತ್ತವನ ತಮ್ಮ ಮೂಗು ಒರೆಸಿಕೊಂಡ. "ಎಷ್ಟು ದನಗಳ ನೋವು ಕಳೆದ! ಅದಕ್ಕೇ ನೊಣಾನೂ ಮರ್ಯಾದೆ ಕೊಡ್ತಿದೆ."

ತಲೆಗಳು ಅಲ್ಲಾಡಿದವು. ಮಾತು ಬಾಗಿಲು ದಾಟಿ ಅಂಗಳಕ್ಕೆ ಹೋಯಿತು. ಪೆಟ್ಟಿಗೆಗೆ ಮೊಳೆ ಹೊಡೆಯುವ ಹೊತ್ತಿಗೆ ಅಂಗಳದಲ್ಲಿ ಸತ್ತವನು ಅರ್ಧ ಸಂತನಾಗಿದ್ದ.

ತಲೆದೆಸೆಯಲ್ಲಿ ಕೂತಿದ್ದ ಹೆಂಡತಿ ಮಾತ್ರ ತಲೆ ಅಲ್ಲಾಡಿಸಲಿಲ್ಲ. ಇಸ್ಪೀಟಿನಲ್ಲಿ ಎಲೆ ಬಚ್ಚಿಡುತ್ತಿದ್ದವನು, ಸಿಟ್ಟು ಬಂದರೆ ವಾರಗಟ್ಟಲೆ ಮಾತು ಬಿಡುತ್ತಿದ್ದವನು. ಒಳ್ಳೆಯವನೇ, ಆದರೆ ನೊಣ ಕೈಮುಗಿಯುವಷ್ಟು ಒಳ್ಳೆಯವನಲ್ಲ. ನೊಣ ಯಾಕೆ ಕೂರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳು ಪಕ್ಕದಲ್ಲಿದ್ದ ಮಗಳ ಕಿವಿಯ ಬಳಿ ಬಾಗಿದಳು.

"ನೀನು ಆ ನೊಣದ ಔಷಧಿ ಮುಟ್ಟಿಲ್ಲ ತಾನೆ?"

"ಇಲ್ಲಮ್ಮ. ಎಷ್ಟು ಸಲ ಕೇಳ್ತೀಯ? ಮಾತು ಕೊಟ್ಟಿದ್ದೀನಲ್ಲ," ಎಂದು ಮಗಳು ಸೆರಗಿನೊಳಗೆ ಕೈ ಸೇರಿಸಿಕೊಂಡಳು.

* * *

ತಾಯಿ ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ದನಗಳ ಬೆನ್ನು ಕರಿಕಂಬಳಿ ಹೊದ್ದಂತೆ ಇರುತ್ತಿತ್ತು, ಅಷ್ಟು ನೊಣ. ದನಗಳು ಮೇಯುವುದು ಬಿಟ್ಟು ಒಂದಕ್ಕೊಂದು ಒತ್ತಿಕೊಂಡು ನಿಂತು ದಿನವಿಡೀ ಬಾಲ ಬೀಸುತ್ತಿದ್ದವು. ಹಾಲು ಇಳಿದುಹೋಗಿತ್ತು.

ಗಂಡ ನೀರಿನ ತೊಟ್ಟಿಗೆ ಹೋಗುವ ಗೇಟಿನಲ್ಲಿ ಎರಡು ಕಂಬ ನೆಟ್ಟ. ನಡುವೆ ಸರಪಳಿ ಇಳಿಬಿಟ್ಟು, ಅದಕ್ಕೆ ಗೋಣಿ ಸುತ್ತಿ, ಎಣ್ಣೆಯಲ್ಲಿ ಕಲಸಿದ, ನೊಣ ಕೊಲ್ಲುವ ಔಷಧಿಯಿಂದ ನೆನೆಸಿದ. ನೀರು ಬೇಕೆಂದರೆ ಅದರ ಅಡಿಯಲ್ಲೇ ನುಸುಳಬೇಕು. ಮೊದಮೊದಲು ಬೆದರಿದ ದನಗಳು ಆಮೇಲೆ ಬೆನ್ನು ತುರಿಸಿಕೊಳ್ಳುವ ಸುಖಕ್ಕೆ ಸಾಲುಗಟ್ಟಿದವು. ಸ್ವಲ್ಪ ದಿನದಲ್ಲೇ ಬಾಲಗಳು ಸುಮ್ಮನಾದವು. ಸುತ್ತಲಿನವರು ಬಂದು ನೋಡಿ, ಅವನಿಗೆ 'ಗೋಣಿಯಣ್ಣ' ಎಂದು ಹೆಸರಿಟ್ಟು ಹೋದರು.

ಬಕೆಟ್ಟಿಗೆ ಮೊಣಕೈವರೆಗೂ ಕೈ ಇಳಿಸಿ ಅವನು ಔಷಧಿ ಕಲಸುತ್ತಿದ್ದ.

"ಒಂದು ಕೋಲಲ್ಲಿ ಕಲಸ್ಬಾರ್ದಾ?"

"ಕೋಲಿಗೇನು ಗೊತ್ತಾಗುತ್ತೆ ಹದ?"

ಅವಳು ರಬ್ಬರಿನ ಕೈಗವಸುಗಳನ್ನು ತಂದುಕೊಟ್ಟಳು. ಅವನು ಅವನ್ನು ಊದಿ ಕಂಬಗಳ ತುದಿಗೆ ಕಟ್ಟಿ, "ನೋಡೇ, ದನಗಳಿಗೆ ಟಾಟಾ ಮಾಡ್ತಿದೆ," ಎಂದ. ಅವಳೂ ನಕ್ಕಿದ್ದಳು. ಆ ನಗು ನೆನಪಾದರೆ ಈಗಲೂ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬರುತ್ತದೆ.

ಅವಳ ತವರಿನಲ್ಲಿ ಬೇರೆ ದಾರಿಯಿತ್ತು. ಸಗಣಿ ಹಸಿಯಿದ್ದಾಗಲೇ ಹರವಿಬಿಟ್ಟರೆ ಬಿಸಿಲಿಗೆ ನೊಣದ ಹುಳ ಸಾಯುತ್ತದೆ, ಅಷ್ಟರಲ್ಲಿ ದನಗಳನ್ನು ಇನ್ನೊಂದು ಬಯಲಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಹೇಳಿದ್ದಕ್ಕೆ, "ಅದು ಕೆಲಸ ಇಲ್ಲದವರ ಕೆಲಸ," ಎಂದಿದ್ದ.

ಒಂದು ದಿನ ಊಟಕ್ಕೆ ಕೂತಾಗ ಅವಳ ಬೆಲ್ಲ ಮೆತ್ತಿದ ಬೆರಳಿಗೆ ನೊಣ ಮುತ್ತಿದವು. ಅವನ ಬೆರಳಿಗೆ ಒಂದೂ ಬರಲಿಲ್ಲ. "ನನ್ನ ಕಂಡ್ರೆ ನೊಣಕ್ಕೂ ಭಯ," ಎಂದು ಅವನು ಬಂದವರಿಗೆಲ್ಲ ಕೈಗೆ ಬೆಲ್ಲ ಸವರಿ ತೋರಿಸುತ್ತಿದ್ದ. ಅದಾದ ಮೇಲೆ ಅಂಗಿಯ ಗುಂಡಿ ಅವನ ಕೈಗೆ ಸಿಗದಾಯಿತು. ಚಮಚ ತಟ್ಟೆಗೆ ತಾಗಿ ಗಿಲಗಿಲ ಅನ್ನತೊಡಗಿತು. ಬಾಯಿಯ ಮೂಲೆಯಿಂದ ಜೊಲ್ಲು ಇಳಿಯಿತು. ಇನ್ನು ಆ ಔಷಧಿ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದಾಗ ಕಾಲ ಮಿಂಚಿತ್ತು.

ಅವನು ಹಾಸಿಗೆ ಹಿಡಿದ ದಿನವೇ ಅವಳು ಮಗಳಿಂದ ಮಾತು ತೆಗೆದುಕೊಂಡಳು. ಗೋಣಿ ಒಣಗಿದರೆ ಒಣಗಲಿ, ದನ ಹೋದರೆ ಹೋಗಲಿ, ಆ ಬಕೆಟ್ಟಿಗೆ ಕೈ ಹಾಕಕೂಡದು.

* * *

ಗುಂಡಿ ತೋಡಿದ್ದು ಹುಲ್ಲುಗಾವಲಿನ ಆಚೆ ಅಂಚಿನಲ್ಲಿ. ಅಲ್ಲಿಗೆ ದಾರಿ ಆ ಗೇಟಿನಿಂದಲೇ. ಪೆಟ್ಟಿಗೆ ಹೊತ್ತವರು ಸರಪಳಿಯ ಅಡಿಯಲ್ಲಿ ಬಗ್ಗಿದರು. ಮುಂದಿದ್ದ ತಮ್ಮನ ಭುಜ ಗೋಣಿಗೆ ಉಜ್ಜಿತು.

"ಅಯ್ಯೋ, ಅಣ್ಣ ಹೋಗ್ತಾ ಹೋಗ್ತಾ ನನಗೂ ಬಳಿದುಬಿಟ್ಟ ನೋಡಿ!"

ಒಬ್ಬಿಬ್ಬರು ನಕ್ಕು, ಸಾವಿನ ಮನೆ ಎಂದು ನೆನಪಾಗಿ ಸುಮ್ಮನಾದರು. ಅವನ ಬಿಳಿ ಅಂಗಿಯ ಮೇಲೆ ಕಂದು ಎಣ್ಣೆ ಹರಡುತ್ತಿತ್ತು.

ಹೆಂಡತಿ ನಿಂತಲ್ಲೇ ನಿಂತಳು. ತಿಂಗಳುಗಟ್ಟಲೆ ರೋಗಿಯ ಪಕ್ಕ ಬಿಟ್ಟು ಅಲ್ಲಾಡದ ಅವಳು ಈ ಕಡೆ ಬಂದೇ ಇರಲಿಲ್ಲ. ಗೋಣಿಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಒಂದು ತೊಟ್ಟು ಪೆಟ್ಟಿಗೆಯ ಮುಚ್ಚಳದ ಮೇಲೆ ಬಿತ್ತು.

"ಇದನ್ನ ಯಾರು ನೆನೆಸಿದ್ದು?"

"ಅಣ್ಣನೇ ಇರ್ಬೇಕು, ಅತ್ತಿಗೆ."

"ನಿಮ್ಮಣ್ಣ ಮಂಚದಿಂದ ಎದ್ದೇ ಇಲ್ವಲ್ಲಪ್ಪ."

ಗಂಡ ಮಲಗಿದ ಮೇಲೂ ಹಾಲು ಇಳಿಯಲಿಲ್ಲವಲ್ಲ ಎಂದು ಅವಳು ಇಷ್ಟು ದಿನ ಸಮಾಧಾನಪಟ್ಟುಕೊಂಡಿದ್ದಳು. ಯಾಕೆ ಇಳಿಯಲಿಲ್ಲ ಎಂದು ಯೋಚಿಸಿರಲಿಲ್ಲ. ಈಗ ಅವಳ ಕಣ್ಣು ಮಗಳನ್ನು ಹುಡುಕಿತು. ಮಗಳು ಎಲ್ಲರಿಗಿಂತ ಮುಂದೆ, ಹಿಂದಿರುಗಿ ನೋಡದೆ ನಡೆಯುತ್ತಿದ್ದಳು.

ಮಣ್ಣು ಮಾಡಿ ಬಂದು, ಜನ ಕರಗಿದ ಮೇಲೆ, ಅಡುಗೆಮನೆಯ ಮೇಜಿನ ಸುತ್ತ ಮೂವರೇ ಉಳಿದರು.

"ದನಗಳನ್ನ ಏನ್ಮಾಡ್ತೀರಿ, ಅತ್ತಿಗೆ?"

"ನಾನಿದ್ದೀನಲ್ಲ, ಚಿಕ್ಕಪ್ಪ," ಎಂದಳು ಮಗಳು.

"ಭೇಷ್! ಅಪ್ಪನ ಕೈಗುಣ ಮಗಳಿಗೆ ಬಂದಿದೆ." ಅವನು ಅಂಗಿಯ ಕಲೆ ತೊಳೆಯಲು ಬಚ್ಚಲಿಗೆ ಹೋದ.

ತಾಯಿ ಮಗಳ ಬಲಗೈ ಎಳೆದುಕೊಂಡು ಮೇಜಿನ ಮೇಲಿಟ್ಟಳು. ಲೋಟದ ತಳದಲ್ಲಿ ಉಳಿದಿದ್ದ ಸಕ್ಕರೆ ಚಹಾವನ್ನು ಬೆರಳಲ್ಲಿ ಬಳಿದು ಆ ಕೈಯ ಮೇಲೆ ಸವರಿದಳು. ಉಳಿದದ್ದನ್ನು ತನ್ನ ಕೈಗೆ ಸವರಿ ಪಕ್ಕದಲ್ಲೇ ಇಟ್ಟಳು.

"ಏನಮ್ಮ ಇದು?"

"ಸುಮ್ನೆ ಕೂತ್ಕೊ."

ಮಗಳಿಗೆ ಅರ್ಥವಾಯಿತು. ಆದರೆ ಕೈ ಎಳೆದುಕೊಳ್ಳಲಿಲ್ಲ. "ಅಪ್ಪ ದಿನಾ ಕೇಳೋರು ಅಮ್ಮ. ನೀನು ನೀರು ತರೋಕೆ ಎದ್ದಾಗೆಲ್ಲ ಕೇಳೋರು, ಗೋಣಿ ಒದ್ದೆ ಇದೆಯೇನೇ ಅಂತ. ಒಣಗಿದೆ ಅಂತ ಹೇಗೆ ಹೇಳ್ಲಿ?"

"ಕೋಲಲ್ಲಿ ಕಲಸ್ತಿದ್ಯಾ?"

"ಮೊದಲು ಕೋಲಲ್ಲೇ..." ಎಂದು ಅವಳು ತಲೆ ತಗ್ಗಿಸಿದಳು. "ಹದ ಗೊತ್ತಾಗ್ತಿರ್ಲಿಲ್ಲ."

ಒಂದು ನೊಣ ತಾಯಿಯ ಕೈಮೇಲೆ ಕೂತಿತು. ಇನ್ನೊಂದು ಬಂತು, ಮತ್ತೆರಡು ಬಂದವು. ಒಂದು ಮಗಳ ಕೈಯತ್ತ ಇಳಿದು, ಮೇಲೆಯೇ ಒಂದು ಸುತ್ತು ಹಾಕಿ, ಈಚೆಗೆ ತಿರುಗಿ ತಾಯಿಯ ಬೆರಳಿಗೇ ಬಂದು ಕೂತಿತು.

ತಾಯಿ ಆ ಕೈ ಅಲುಗಿಸಲಿಲ್ಲ. ಇನ್ನೊಂದು ಕೈಯಲ್ಲಿ ಸಕ್ಕರೆ ಡಬ್ಬಿ ಹತ್ತಿರ ಎಳೆದುಕೊಂಡು, ಮಗಳ ಕೈಮೇಲೆ ಇನ್ನೊಂದು ಚಿಟಿಕೆ ಉದುರಿಸಿ, ಕಾಯುತ್ತ ಕೂತಳು.